ಇಷ್ಟು ಶಕ್ತಿ ಇದ್ದೂ ಅವಳಿಗೆ ಎಂತಕ್ಕೆ ಅಳು?

ಅಕ್ಕಾ, ನಮಸ್ಕಾರ.

ನಿಮ್ಮ ಪತ್ರ ಸಿಕ್ಕಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಸಾಗರ ತಾಲ್ಲೂಕಿನ ಹಿನ್ನೀರಿನ ಕಡೆಯವರು ಎಂದಷ್ಟೇ ಹೇಳುತ್ತೇನೆ. ಅದನ್ನು ಹೇಳದಿದ್ದರೆ ನನ್ನ ಉತ್ತರದ ಅರ್ಧ ಭಾಗ ನಿಲ್ಲುವುದಿಲ್ಲ.

ಉಳಿದ ಓದುಗರಿಗಾಗಿ ನಿಮ್ಮ ತಕರಾರನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಯಲ್ಲಿ ಈಗ ಬರುತ್ತಿರುವ ಧಾರಾವಾಹಿ, ಹಿಂದೆ ಇಲ್ಲೇ ಬಂದ ಕಾದಂಬರಿಯ ಎರಡನೇ ಭಾಗ. ಮೊದಲ ಭಾಗದ ಕೊನೆಯಲ್ಲಿ ಆ ಮಂತ್ರಗಾತಿ ಹುಡುಗಿ ಉಕ್ಕಿ ಬಂದ ಹೊಳೆಯನ್ನು ಒಂದೇ ಮಾತಿಗೆ ನಿಲ್ಲಿಸಿದಳು. ಕೆಳಗಿನ ಕಣಿವೆಯ ಊರುಗಳು ಉಳಿದವು. ಆ ಕಂತನ್ನು ನೀವು ಮೊಮ್ಮಗಳಿಗೆ ಫೋನಿನಲ್ಲಿ ಓದಿ ಹೇಳಿದಿರಂತೆ. ಎರಡನೇ ಭಾಗಕ್ಕೆ ಬಂದರೆ ಅದೇ ಹುಡುಗಿ ಮಾತೆತ್ತಿದರೆ ಕಣ್ಣೀರು ಹಾಕುತ್ತಾಳೆ. ಕೈ ಎತ್ತುವ ಮೊದಲು ಹತ್ತು ಜನರನ್ನು ಕೇಳುತ್ತಾಳೆ. ಗೆಳತಿ ಹೊಗಳಿದರೆ ನಂಬುವುದಿಲ್ಲ, ಗುರು ಬೈದರೆ ತಕ್ಷಣ ನಂಬುತ್ತಾಳೆ. "ಹೊಳೆ ನಿಲ್ಲಿಸಿದವಳಿಗೆ ಇಷ್ಟು ಅಂಜಿಕೆ ಎಂತಕ್ಕೆ ಮಾರಾಯ್ರೆ? ಇದನ್ನು ಓದಿ ನನ್ನ ಮೊಮ್ಮಗಳು ಏನು ಕಲಿಯಬೇಕು?" ಎಂದು ಕೇಳಿದ್ದೀರಿ. ಲೇಖಕಿಗೆ ಹೇಳಿ ಮುಂದಿನ ಕಂತಿನಿಂದಲೇ ಅವಳನ್ನು ಸರಿ ಮಾಡಿಸಿ ಎಂದು ಅಪ್ಪಣೆಯನ್ನೂ ಕೊಟ್ಟಿದ್ದೀರಿ.

ಮೊದಲು ಜಗಳದ ವಿಷಯ. ನಿಮಗೆ ಜಾಸ್ತಿ ಸಿಟ್ಟು ತರಿಸಿದ್ದು ದೋಣಿಯ ಕಂತು. ಇಡೀ ಎರಡನೇ ಭಾಗದಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದೂ ಅದೇ.

ಅಲ್ಲಿ ಆಗುವುದು ಇಷ್ಟು. ಹುಡುಗಿ ತಾನು ಹೊಳೆ ನಿಲ್ಲಿಸಿದ ಜಾಗಕ್ಕೆ ವಾಪಸ್ ಬರುತ್ತಾಳೆ. ನಿಂತ ನೀರು ಹಿಂದಕ್ಕೆ ಹರಡಿ ಕಣ್ಣು ಹಾಯುವಷ್ಟು ದೂರ ತುಂಬಿಕೊಂಡಿದೆ. ಮೇಲಿನ ಕಣಿವೆಯ ಒಂದು ಕೇರಿ ಅದರಡಿ ಹೋಗಿದೆ. ಜನ ಬದುಕಿದ್ದಾರೆ, ಮನೆಗಳಿಲ್ಲ. ಒಬ್ಬ ಅಜ್ಜಿ ಅವಳನ್ನು ದೋಣಿಯಲ್ಲಿ ಕೂರಿಸಿಕೊಂಡು ನಡು ನೀರಿಗೆ ಹೋಗುತ್ತಾಳೆ. ಹುಟ್ಟಿನ ತುದಿಯಿಂದ ತೋರಿಸುತ್ತಾಳೆ. ಇಲ್ಲಿ ಅಡುಗೆಮನೆ. ಇಲ್ಲಿ ಕೊಟ್ಟಿಗೆ. ಇಲ್ಲಿ ಬಾವಿ. ನೀರೊಳಗೆ ಬಾವಿ ನೋಡು ಎಂದು ತಾನೇ ನಗುತ್ತಾಳೆ. ಒಂದು ಮಾತೂ ಬೈಯುವುದಿಲ್ಲ. "ಚೂರು ಇಳಿಸ್ತೀಯಾ ಮಗಾ? ದೇವರ ಗೂಡಲ್ಲಿ ಹಿತ್ತಾಳೆ ದೀಪ ಬಿಟ್ಟು ಬಂದಿದ್ದೆ" ಅನ್ನುತ್ತಾಳೆ. ಹುಡುಗಿ ಮೊಣಕೈವರೆಗೆ ನೀರಿಗೆ ಕೈ ಹಾಕುತ್ತಾಳೆ. ತುಟಿ ಅಲ್ಲಾಡುತ್ತದೆ. ಆಮೇಲೆ ಕೈ ತೆಗೆದು ಸೆರಗಿಗೆ ಒರೆಸಿಕೊಂಡು "ಇವತ್ತು ಬೇಡ ಅಜ್ಜಿ" ಅನ್ನುತ್ತಾಳೆ.

ನೀವು ಬರೆದಿದ್ದೀರಿ: "ಹೊಳೆಯನ್ನೇ ನಿಲ್ಲಿಸಿದವಳು ಒಂದು ಗೇಣು ನೀರು ಇಳಿಸಲಾರಳಾ? ಸುಮ್ನೆ ಹೆದರಿಕೆ."

ಅಕ್ಕಾ, ಅವಳ ಕೈಲಿ ನಿಜವಾಗಿ ಆಗುವುದಿಲ್ಲ. ಮೊದಲ ಭಾಗದಲ್ಲಿ, ಅವಳು ಮಂತ್ರಶಾಲೆಗೆ ಸೇರಿದ ದಿನ, ಗುರು ಒಂದು ಮಾತು ಹೇಳುತ್ತಾನೆ. ಹರಿಯುವ ನೀರಿಗೆ ಕಿವಿ ಇದೆ, ನಿಂತ ನೀರಿಗೆ ಇಲ್ಲ. ಎರಡೇ ಸಾಲು. ಮಕ್ಕಳೆಲ್ಲ ಕೊಡದ ನೀರಿಗೆ ಮಂತ್ರ ಹೇಳಿ ನಗಾಡುವ ಗಲಾಟೆಯಲ್ಲಿ ಆ ಮಾತು ಕಳೆದುಹೋಗುತ್ತದೆ. ಈಗ ಎರಡನ್ನೂ ಕೂಡಿಸಿ ನೋಡಿ. ಅವಳು ಹೊಳೆಯನ್ನು ನಿಲ್ಲಿಸಿದ ಆ ಗಳಿಗೆಯಲ್ಲೇ ಅದು ಅವಳ ಮಾತು ಕೇಳುವುದನ್ನು ಬಿಟ್ಟಿತು. ಜೀವಮಾನದಲ್ಲಿ ಮಾಡಿದ ದೊಡ್ಡ ಕೆಲಸವನ್ನು ಅವಳೇ ಬಿಚ್ಚಲಾರಳು. ಅದು ಅವಳಿಗೆ ಗೊತ್ತಾಗುವುದು ದೋಣಿಯಲ್ಲಿ, ಕೈ ನೀರಲ್ಲಿದ್ದಾಗ. "ಇವತ್ತು ಬೇಡ" ಅನ್ನುವುದು ಸುಳ್ಳು. ಅಜ್ಜಿಗೂ ತಿಳಿದಿರಬೇಕು, ಯಾಕೆಂದರೆ ಅವಳು ಎರಡನೇ ಸಲ ಕೇಳುವುದಿಲ್ಲ.

ಲೇಖಕಿ ಇದನ್ನು ಎಲ್ಲೂ ಬಿಡಿಸಿ ಹೇಳಿಲ್ಲ. ಹೇಳಬೇಕಿತ್ತಾ? ನನಗೆ ಹೇಳದಿದ್ದದ್ದೇ ಹಿಡಿಸಿತು. ಆದರೆ ಅಷ್ಟು ಹಿಂದಿನ ಎರಡು ಸಾಲನ್ನು ಓದುಗರು ನೆನಪಿಟ್ಟುಕೊಂಡಿರಲಿ ಅನ್ನುವುದು ಸ್ವಲ್ಪ ಜಾಸ್ತಿಯೇ ಆಸೆ, ಒಪ್ಪುತ್ತೇನೆ.

ನಿಮ್ಮ ಕಡೆಯವರಿಗೆ ಆ ದೋಣಿ ಹೊಸದೇನಲ್ಲ. ಕಾದಂಬರಿಯ ಲೋಕದಲ್ಲಿ ಶರಾವತಿ ಇಲ್ಲ, ಸಾಗರವೂ ಇಲ್ಲ. ಆದರೂ ಓದುವಾಗ ನನಗೆ ಬೇರೆ ನೀರು ಕಾಣಲಿಲ್ಲ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಪೂರ್ತಿ ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಅಂಕಿ. ಆ ಅಂಕಿಯ ಅಡಿಯಲ್ಲಿ ಯಾರ ಮನೆ, ಯಾರ ಗದ್ದೆ ಇತ್ತು ಎಂದು ಬೆರಳಿಟ್ಟು ತೋರಿಸುವವರು ಈಗ ಕಡಿಮೆ. 1948ರ ಮಡೆನೂರು ಅಣೆಕಟ್ಟೇ ಅದರೊಳಗೆ ಮುಳುಗಿದೆ. ಮಳೆ ಕೈಕೊಟ್ಟ ವರ್ಷ, ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮೇಲೆ ಬರುತ್ತದೆ, ಜನ ನೋಡಲು ಹೋಗುತ್ತಾರೆ. ಒಂದು ಕಾಲದ ದೊಡ್ಡ ಕೆಲಸವನ್ನು ಮುಂದಿನ ಕಾಲದ ಇನ್ನೂ ದೊಡ್ಡ ಕೆಲಸ ನುಂಗಿಹಾಕಿತು. ನಾಡಿಗೆ ಬೆಳಕು ಬಂತು, ಸುಳ್ಳಲ್ಲ. ಮನೆ ಬಿಟ್ಟು ಎದ್ದು ಹೋದವರ ಕಥೆಯೂ ಸುಳ್ಳಲ್ಲ. ಹಾಗೆ ಕಟ್ಟಿದವರಲ್ಲಿ ಯಾರಾದರೂ ಒಬ್ಬರು ಆಮೇಲೆ ದೋಣಿ ಹತ್ತಿ ಬಂದು, ಇಲ್ಲಿ ಯಾರ ಮನೆ ಇತ್ತು ಎಂದು ಕೇಳಿ, ರಾತ್ರಿ ನಿದ್ದೆ ಬಾರದೆ ಹೊರಳಾಡಿದ್ದರೆ ನೀವು ಅವರನ್ನು ಅಂಜುಬುರುಕರು ಅನ್ನುತ್ತಿದ್ದಿರಾ? ಒಂದು ಲೋಟ ಕಾಫಿ ಕೊಟ್ಟು ಕೂರಿಸುತ್ತಿದ್ದಿರಿ ಎಂದು ನನ್ನ ಅಂದಾಜು.

ಇನ್ನು ನೀವು ಹೇಳಿದ್ದು ಸರಿ ಇರುವ ಕಡೆ. ಮಂತ್ರಶಾಲೆಯ ಆ ನಾಲ್ಕು ಕಂತುಗಳು. ಒಂದರಲ್ಲಿ ಅವಳು ಕನ್ನಡಿ ಮುಂದೆ ನಿಂತು "ನಾನು ಇದಕ್ಕೆ ಯೋಗ್ಯಳಾ?" ಎಂದು ಕೇಳಿಕೊಳ್ಳುತ್ತಾಳೆ. ಮುಂದಿನದರಲ್ಲಿ ಅದನ್ನೇ ಗೆಳತಿಯ ಹತ್ತಿರ ಕೇಳುತ್ತಾಳೆ. ಅದರ ಮುಂದಿನದರಲ್ಲಿ ಜಗಲಿಯಲ್ಲಿ ಕೂತು ಮತ್ತೆ ಅದೇ. ನನಗೂ "ಆಯ್ತು ತಾಯಿ, ಗೊತ್ತಾಯ್ತು" ಅನ್ನಿಸಿತು. ದೋಣಿಯಲ್ಲಿ ಅವಳು ಅಂಜಿದಾಗ ಒಬ್ಬರ ದೀಪ ನೀರಡಿಯಲ್ಲೇ ಉಳಿಯಿತು. ಮಂತ್ರಶಾಲೆಯಲ್ಲಿ ಅಂಜಿದಾಗ ಯಾರಿಗೂ ಏನೂ ಆಗುವುದಿಲ್ಲ. ಅವಳು ಅಳುತ್ತಾಳೆ, ಗೆಳತಿ ಸಮಾಧಾನ ಮಾಡುತ್ತಾಳೆ, ಊಟದ ಗಂಟೆ ಹೊಡೆಯುತ್ತದೆ. ಕಥೆ ಇದ್ದಲ್ಲೇ ಇದೆ. ಇದನ್ನು ಓದಿ ನಿಮಗೆ ಗೋಳು ಅನ್ನಿಸಿದರೆ ತಪ್ಪು ನಿಮ್ಮದಲ್ಲ.

ಇದರಲ್ಲಿ ಧಾರಾವಾಹಿಯ ಪಾಲೂ ಇದೆ. ಹದಿನೈದು ದಿನಕ್ಕೊಂದು ಕಂತು. ಹೋದ ಸಂಚಿಕೆ ಕೈತಪ್ಪಿದವರು ಇರುತ್ತಾರೆ, ಬಸ್ಸಿನಲ್ಲಿ ಸಿಕ್ಕಿದ್ದಷ್ಟೇ ಓದುವವರು ಇರುತ್ತಾರೆ. ಅವರಿಗಾಗಿ ಪ್ರತಿ ಸಲವೂ ಪಾತ್ರದ ಗುರುತು ಹಿಡಿಸಬೇಕು. ಮುಂಗೋಪಿಯಾದರೆ ಕಂತಿಗೊಮ್ಮೆ ಗುಡುಗುತ್ತಾನೆ, ಅಳುಕಿನವಳಾದರೆ ಕಂತಿಗೊಮ್ಮೆ ಅಳುಕುತ್ತಾಳೆ. ಹದಿನೈದು ದಿನ ಬಿಟ್ಟು ಓದಿದರೆ ತಡೆಯುತ್ತದೆ. ನೀವು ಮಳೆ ಹಿಡಿದು ಕರೆಂಟ್ ಹೋದ ವಾರದಲ್ಲಿ ಹಳೆಯ ಸಂಚಿಕೆಗಳನ್ನೆಲ್ಲ ಒಟ್ಟಿಗೆ ಮುಗಿಸಿದ್ದೀರಿ. ಆಗ ಯಾವ ಹುಡುಗಿಯಾದರೂ ತಲೆ ತಿನ್ನುತ್ತಾಳೆ.

ಎರಡನೇ ಭಾಗ ಬರೆಯುವವರಿಗೆ ಇನ್ನೊಂದು ಕಷ್ಟ ಇದೆ. ಮೊದಲ ಭಾಗದಲ್ಲಿ ಓದುಗರ ಪ್ರಶ್ನೆ ಒಂದೇ, ಇವಳ ಕೈಲಿ ಆಗುತ್ತದಾ? ಆಯಿತು. ಮತ್ತೆ ಅದನ್ನೇ ಕೇಳುವಂತಿಲ್ಲ. ಸುಲಭದ ದಾರಿ ಎಂದರೆ ಹೊಳೆಗಿಂತ ದೊಡ್ಡ ವೈರಿಯನ್ನು ತರುವುದು. ಮೂರನೇ ಭಾಗಕ್ಕೆ ಅದಕ್ಕಿಂತ ದೊಡ್ಡದು. ಕೊನೆಗೆ ಆಕಾಶವೇ ಕಳಚಿ ಬೀಳಬೇಕು. ಈ ಲೇಖಕಿ ಆ ದಾರಿ ಹಿಡಿಯಲಿಲ್ಲ. ಗೆದ್ದದ್ದು ಎಲ್ಲಿಗೆ ಹೋಗಿ ನಿಂತಿತು ಎಂದು ನೋಡಲು ಹೊರಟರು. ಆ ಒಂದು ಕಾರಣಕ್ಕೆ, ಮಂತ್ರಶಾಲೆಯ ಕಂತುಗಳನ್ನು ಸಹಿಸಿಕೊಂಡೂ, ನಾನು ಅವರ ಪರ.

ಗುರುವಿನ ವಿಷಯ ಕೂಡ ಸ್ವಲ್ಪ ಗಮನವಿಟ್ಟು ಓದಿ. ಅವಳು ಏನು ಕೇಳಿದರೂ ಅವನು ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ. "ನಿನಗೇ ಹೇಗನ್ನಿಸುತ್ತದೆ?" ಅನ್ನುತ್ತಾನೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಎದ್ದು ಹೋಗುತ್ತಾನೆ. ನಮ್ಮ ಶಿಕಾರಿಪುರದ ಉಡುತಡಿಯಿಂದ ಹೊರಟ ಅಕ್ಕಮಹಾದೇವಿಯನ್ನು, ಅದೇ ಸೀಮೆಯ ಬಳ್ಳಿಗಾವಿಯ ಅಲ್ಲಮ ಕಲ್ಯಾಣದಲ್ಲಿ ಬಿಡದೆ ಪ್ರಶ್ನೆ ಕೇಳಿದ ಕಥೆ ನಿಮಗೆ ಗೊತ್ತೇ ಇದೆ. ಎಲ್ಲ ಬಿಟ್ಟು ಬಂದವಳು ಕೂದಲಿನಿಂದ ಮೈ ಮುಚ್ಚಿಕೊಂಡಿದ್ದು ಏಕೆ ಎಂದೂ ಕೇಳಿದ. ಆದರೆ ಅಲ್ಲಮ ಉತ್ತರ ಪೂರ್ತಿ ಕೇಳಿದ, ಕೇಳಿ ಒಪ್ಪಿದ. ಈ ಗುರು ಕೂತು ಕೇಳುವುದೇ ಇಲ್ಲ. ಅವಳಿಗೆ ಧೈರ್ಯ ಬಂದುಬಿಟ್ಟರೆ ಮಂತ್ರಶಾಲೆಯಲ್ಲಿ ಅವನಿಗೇನು ಕೆಲಸ? ಅವಳ ಅಳುಕಿನಲ್ಲಿ ಬೇರೆಯವರ ಲಾಭವೂ ಇದೆ. ಮುಂದೆ ಏನಾಗುತ್ತದೆ ಎಂದು ನಾನು ಹೇಳುವಂತಿಲ್ಲ. ಇಷ್ಟು ಹೇಳಿದ್ದೇ ಜಾಸ್ತಿಯಾಯಿತು.

ನಿಮ್ಮ ಪತ್ರದ ಒಂದು ಸಾಲು ನನ್ನ ತಲೆಯಲ್ಲೇ ಉಳಿದಿದೆ. "ಶಕ್ತಿ ಇದ್ದವಳು ಶಕ್ತಿ ಇದ್ದವಳ ಹಾಗೇ ಇರಬೇಕು." ಈ ಲೆಕ್ಕ ನಮಗೆಲ್ಲಿಂದ ಬಂತು? ರಾತ್ರಿಯಿಡೀ ಕೂತು ನೋಡಿದ ಆಟಗಳಿಂದಲೂ ಇರಬಹುದು. ಯಕ್ಷಗಾನದಲ್ಲಿ ಶೂರ್ಪನಖಿಗೆ ಇಬ್ಬರು ಕಲಾವಿದರು. ರಾಕ್ಷಸಿಯಾಗಿ ಬರುವಾಗ ಹೆಣ್ಣು ಬಣ್ಣ. ಗುರುತೇ ಸಿಗದಷ್ಟು ಬಣ್ಣ ಬರೆದ ಮುಖ, ಪಂಜಿನ ಬೆಂಕಿ, ರಾಳ ಎರಚಿದಾಗ ಭುಗ್ಗೆಂದು ಏಳುವ ಜ್ವಾಲೆ, ಚಂಡೆಯನ್ನೂ ಮೀರಿಸುವ ಕೂಗು. ರಾಮನನ್ನು ನೋಡಿ ಚೆಲುವೆಯಾಗಬೇಕು ಎಂದಾಗ ಆ ವೇಷ ಒಳಗೆ ಹೋಗುತ್ತದೆ. ಮಾಯಾ ಶೂರ್ಪನಖಿಯಾಗಿ ಬಳುಕುತ್ತಾ ಬರುವವರು ಬೇರೆ, ಸ್ತ್ರೀವೇಷದವರು. ಅದು ರಂಗದ ಅನುಕೂಲ. ಚೌಕಿಯಲ್ಲಿ ಅಷ್ಟು ಬಣ್ಣ ಅಳಿಸಿ ಇನ್ನೊಂದು ಬರೆಯಲು ಹೊತ್ತೆಲ್ಲಿದೆ? ಆದರೆ ಶಕ್ತಿ ಒಬ್ಬರ ಮೈಮೇಲೆ, ಆಸೆ ಅಳುಕು ಇನ್ನೊಬ್ಬರ ಮೈಮೇಲೆ. ನೋಡಿ ನೋಡಿ ನಮಗೆ ಅವರು ಇಬ್ಬರು ಬೇರೆ ಬೇರೆ ಹೆಂಗಸರು ಅನ್ನಿಸಿಬಿಟ್ಟಿದೆ.

ಚಿಕ್ಕವನಿದ್ದಾಗ ತೀರ್ಥಹಳ್ಳಿ ಕಡೆ ಗದ್ದೆ ಬಯಲಿನಲ್ಲಿ ನೋಡಿದ ಒಂದು ಆಟದಲ್ಲಿ ಹೆಣ್ಣು ಬಣ್ಣದವರು ಅಬ್ಬರಿಸಿ ಕುಣಿದು, ಆಮೇಲೆ ನಡುರಂಗದಲ್ಲಿ ಕೂತರು. ಅಂಗೈಯನ್ನೇ ಕನ್ನಡಿ ಮಾಡಿಕೊಂಡು ತಲೆ ಬಾಚಿದರು. ಹಣೆಗೆ ಬೊಟ್ಟಿಟ್ಟರು. ಓರೆಯಾಯಿತು ಎಂದು ಅಳಿಸಿ ಮತ್ತೆ ಇಟ್ಟರು. ಕತ್ತು ಆ ಕಡೆ ಈ ಕಡೆ ತಿರುಗಿಸಿ, ಸರಿಯಾಯಿತಾ ಎಂದು ಮದ್ದಲೆಯವರನ್ನು ಕಣ್ಣಲ್ಲೇ ಕೇಳಿದರು. ಜನ ಬಿದ್ದು ಬಿದ್ದು ನಕ್ಕರು. ರಾವಣನ ತಂಗಿ, ಕಾಡು ನಡುಗಿಸುವವಳು, ತನ್ನ ಮುಖದ ಬಗ್ಗೆ ಅವಳಿಗೇ ಧೈರ್ಯ ಇಲ್ಲ. ನಗಿಸುವುದಕ್ಕೇ ಮಾಡಿದ್ದು, ಇರಲಿ. ಆ ಕಲಾವಿದರಿಗೆ ಒಳಗಿನ ವಿಷಯ ಗೊತ್ತಿತ್ತು. ನಮ್ಮ ಲೇಖಕಿ ಆ ಎರಡೂ ವೇಷವನ್ನು ಒಂದೇ ಮೈಗೆ ಹಾಕಿದ್ದಾರೆ, ನಗಿಸುವ ಸೌಲಭ್ಯವನ್ನೂ ಬಿಟ್ಟುಕೊಟ್ಟಿದ್ದಾರೆ. ಅದಕ್ಕೇ ಕಷ್ಟಪಡುತ್ತಿದ್ದಾರೆ.

ನಮ್ಮ ಚೌಡಿಯನ್ನೇ ನೋಡಿ (ಸುಮ್ನೆ ತಮಾಷೆಗೆ, ತಾಯಿ ಕ್ಷಮಿಸಲಿ). ತೋಟದ ಅಂಚಿನ ಮರದ ಬುಡದಲ್ಲಿ ಕೂತು ಇಡೀ ಸೀಮೆ ಕಾಯುವವಳು. ಒಂದು ವರ್ಷ ಹಣ್ಣುಕಾಯಿ ತಪ್ಪಿದರೆ ನನ್ನನ್ನು ಮರೆತರು ಎಂದು ಮುನಿಸು. ಅಷ್ಟು ಶಕ್ತಿ ಇದ್ದವಳಿಗೆ ನಾವು ಒಡೆಯುವ ತೆಂಗಿನಕಾಯಿ ಯಾಕೆ ಬೇಕಿತ್ತು?

ಮೊಮ್ಮಗಳು ಏನು ಕಲಿಯುತ್ತಾಳೆ ಎಂದು ನಾನು ಹೇಗೆ ಹೇಳಲಿ? ಕಾದಂಬರಿ ಟ್ಯೂಷನ್ ಅಲ್ಲ. ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದಾಳೆ ಎಂದಿದ್ದೀರಿ. ಈ ಊರಿನ ಪಿಯುಸಿ ಮಕ್ಕಳನ್ನು ನಾನೂ ನೋಡುತ್ತಿರುತ್ತೇನೆ. ಪರೀಕ್ಷೆ ಮುಗಿಸಿ ಹೊರಗೆ ಬಂದು "ಏನೂ ಬರೆದಿಲ್ಲ, ಹೋಯ್ತು" ಎಂದು ಅಳುವವಳೇ ಎಷ್ಟೋ ಸಲ ಕಾಲೇಜಿಗೆ ಫಸ್ಟ್. "ಈಸಿ ಇತ್ತು" ಎಂದು ಶಿಳ್ಳೆ ಹಾಕಿಕೊಂಡು ಹೋದವನ ಫಲಿತಾಂಶ ಕೇಳಬೇಡಿ. ಜಾಸ್ತಿ ಗೊತ್ತಿದ್ದವರಿಗೇ ತಮ್ಮ ತಪ್ಪು ಜಾಸ್ತಿ ಕಾಣುವುದು, ಅಲ್ವಾ? ಅವಳಿಗೆ ಆ ಮಂತ್ರಗಾತಿ ಹೇಗೆ ಕಂಡಳು ಎಂದು ಅವಳೇ ನಾಲ್ಕು ಸಾಲು ಬರೆಯಲಿ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪತ್ರಕ್ಕಿಂತ ಅದನ್ನು ನಾನು ಮೊದಲು ಓದುತ್ತೇನೆ.

ನಿಮ್ಮ ಪತ್ರದ ಪ್ರತಿಯನ್ನು ಲೇಖಕಿಗೆ ಕಳಿಸಿದ್ದೇನೆ. ಪಾತ್ರ ಬದಲಾಯಿಸಿ ಎಂದು ಹೇಳಿಲ್ಲ, ಹೇಳುವುದೂ ಇಲ್ಲ. ಪುಸ್ತಕ ಮಾಡುವಾಗ ಮಂತ್ರಶಾಲೆಯ ನಾಲ್ಕು ಕಂತನ್ನು ಎರಡಕ್ಕೆ ಇಳಿಸಿ ಎಂದಿದ್ದೇನೆ. "ನೋಡೋಣ ಸಾರ್" ಅಂದರು. ಇಲ್ಲ ಎಂದು ಅರ್ಥ.

ಇನ್ನು ಪತ್ರದ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದದ್ದು. ಮಂತ್ರಶಾಲೆಯಿಂದ ತಪ್ಪಿಸಿಕೊಂಡ ರಾತ್ರಿ ಅವಳು ಬಿದಿರು ಮೆಳೆಯಿಂದ ಕಳಲೆ ಮುರಿದು ತಂದು ಅವತ್ತೇ ಪಲ್ಯ ಮಾಡಿ ಉಣ್ಣುತ್ತಾಳೆ. "ಸತ್ತೇ ಹೋಗ್ತಾಳೆ" ಎಂದು ಬರೆದಿದ್ದೀರಿ. ಇದಕ್ಕೆ ನನ್ನ ಹತ್ತಿರ ವಾದ ಇಲ್ಲ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ಹೆಚ್ಚಿ, ನೀರಲ್ಲಿ ಹಾಕಿ, ದಿನಾ ನೀರು ಚೆಲ್ಲಿ ಬದಲಾಯಿಸಿ, ಎರಡು ಮೂರು ದಿನ ಇಡದೆ ನಮ್ಮ ಮನೆಗಳಲ್ಲಿ ಯಾರು ಒಲೆ ಮೇಲೆ ಇಡುತ್ತಾರೆ? ಲೇಖಕಿಯನ್ನು ಕೇಳಿದೆ. "ಮಂತ್ರಗಾತಿ ಅಲ್ವಾ ಸಾರ್, ಪಾತ್ರೆಯ ನೀರಿಗೆ ಮಂತ್ರ ಹಾಕಿ ವಿಷ ತೆಗೆದಳು ಅಂದುಕೊಳ್ಳಿ" ಅಂದರು. ಪಾತ್ರೆಯ ನೀರು ನಿಂತ ನೀರಲ್ವಾ ಎಂದು ಕೇಳಿದೆ. ತಕ್ಷಣ ಒಪ್ಪಿದರು. ಪುಸ್ತಕದಲ್ಲಿ ಅವಳು ಆ ರಾತ್ರಿ ಗಂಜಿ ಉಣ್ಣುತ್ತಾಳೆ, ಅಪ್ಪೆಮಿಡಿ ಉಪ್ಪಿನಕಾಯಿ ಜೊತೆ.

ಸಂಪಾದಕ