ಮನೆಯನ್ನು ಮಳೆಗಾಲದಲ್ಲೇ ತೋರಿಸಿ, ಅಕ್ಕ

ತೀರ್ಥಹಳ್ಳಿ ಸೀಮೆಯ ಓದುಗರೊಬ್ಬರ ಪತ್ರ ಪುಷ್ಯ ಮಳೆಯ ನಡುವೆ ನಮ್ಮ ಕೈ ಸೇರಿತು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ನಾಲ್ಕು ಹಾಳೆಯ ಪತ್ರದ ಮುಖ್ಯ ಮಾತು ಇಷ್ಟು:

"ನನಗೆ 62, ನಮ್ಮನೆಯವರಿಗೆ 68. ಹಂಚಿನ ಮನೆ, ಒಂದೂವರೆ ಎಕರೆ ಅಡಿಕೆ ತೋಟ. 1991ರಲ್ಲಿ ಅಣ್ಣತಮ್ಮಂದಿರ ಪಾಲಿನಲ್ಲಿ ಬಂದದ್ದು. ಎಲೆಚುಕ್ಕೆ ರೋಗ ಬಂದು ಮೂರು ವರ್ಷದಿಂದ ಫಸಲು ಅರ್ಧಕ್ಕೆ ಇಳಿದಿದೆ. ಇವರಿಗೆ ಮಂಡಿನೋವು. ಮಗ ಬೆಂಗಳೂರಿನಲ್ಲಿ. ಮಗಳು ಶಿವಮೊಗ್ಗದಲ್ಲಿ, ಅವಳಿಗೆ ಇಬ್ಬರು ಮಕ್ಕಳು. ಎಲ್ಲ ಮಾರಿ ಶಿವಮೊಗ್ಗಕ್ಕೆ ಹೋಗೋಣ ಅಂತ ಮಗನ ಜೊತೆ ಮಾತಾಡಿದ್ದೇವೆ. ಮಗಳಿಗೆ ಇನ್ನೂ ಹೇಳಿಲ್ಲ, ಅಳುತ್ತಾಳೆ ಅಂತ. ದಲ್ಲಾಳಿ ಹೇಳುವುದು: ಮಳೆ ಮುಗಿಯಲಿ, ಸುಣ್ಣಬಣ್ಣ ಮಾಡಿಸಿ, ಸೋರುವ ವಿಷಯ, ಏಪ್ರಿಲ್‌ನಲ್ಲಿ ಬಾವಿ ಬತ್ತುವ ವಿಷಯ ಎತ್ತಬೇಡಿ, ಅರ್ಧ ದುಡ್ಡು ಕ್ಯಾಶ್ ತಗೊಳ್ಳಿ. ಊರಲ್ಲಿ 'ಮನೆ ಮಾರಿಕೊಂಡು ಹೋದರು' ಅನ್ನುವ ಮಾತು ಬರುತ್ತದಲ್ಲ, ಅದೇ ಭಯ. ಪೇಟೆಯಲ್ಲಿ ನಮಗೆ ಮಕ್ಕಳು ಮೊಮ್ಮಕ್ಕಳ ಸುಖ ಸಿಗುತ್ತದಾ? ನಾವು ತಪ್ಪು ಮಾಡ್ತಾ ಇದ್ದೀವಾ?"

ಪ್ರೀತಿಯ ಅಕ್ಕ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ನೀವು ತಪ್ಪು ಮಾಡುತ್ತಿಲ್ಲ. ಮಂಡಿ ನೋಯುವವರು ಜಾರುವ ದರೆ ಇಳಿದು ತೋಟಕ್ಕೆ ಹೋಗಬೇಕು. ಮಳೆ ಹಿಡಿಯುವ ಮುಂಚೆ ಒಂದು ಸಲ, ನಡುವೆ ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ ಅಡಿಕೆಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಬೇಕು. ಅದಕ್ಕೆ ಮರ ಹತ್ತುವ ಕೊನೆಗೌಡ ಸಿಗಬೇಕು. ಇಷ್ಟನ್ನೂ 68ರ ವಯಸ್ಸಿನಲ್ಲಿ ಮಾಡಿಕೊಂಡು ಹೋಗಿ ಎಂದು ಹೇಳುವ ಹಕ್ಕು ಊರಿನ ಯಾರಿಗೂ ಇಲ್ಲ.

ಊರವರ ಮಾತಿನ ಬಗ್ಗೆ ಒಂದು ವಿಷಯ. ನಮ್ಮ ಜಿಲ್ಲೆಯಲ್ಲಿ ಮನೆ ಬಿಟ್ಟವರ ದೊಡ್ಡ ಕಥೆಯೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿತು. ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೇವರ ಬನ ಎಲ್ಲ ಬಿಟ್ಟು ಗಾಡಿ ಕಟ್ಟಿದವು. ಬಿಡುತ್ತೀರಾ ಎಂದು ಅವರನ್ನು ಯಾರೂ ಕೇಳಲಿಲ್ಲ. ಅವರಲ್ಲಿ ಎಷ್ಟೋ ಮನೆಯವರಿಗೆ ಬದಲಿಗೆ ಕೊಟ್ಟ ಜಾಗದ ಹಕ್ಕುಪತ್ರ ಇವತ್ತಿಗೂ ಸಿಕ್ಕಿಲ್ಲ. ನಿಮ್ಮ ಕೈಯಲ್ಲಿ ಪತ್ರ ಇದೆ. ಯಾವಾಗ ಬಿಡಬೇಕು, ಯಾರ ಕೈಗೆ ಕೊಡಬೇಕು ಎನ್ನುವುದು ನಿಮ್ಮದೇ ತೀರ್ಮಾನ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನನಗೆ ಕಸಿವಿಸಿಯಾದದ್ದು ಬೇರೆ ವಾಕ್ಯಕ್ಕೆ. "ಮಗಳಿಗೆ ಇನ್ನೂ ಹೇಳಿಲ್ಲ, ಅಳುತ್ತಾಳೆ ಅಂತ."

ನಮ್ಮ ಮನೆ ಇದ್ದದ್ದು ಹೊಸನಗರದ ಕಡೆ. ಅಪ್ಪ ಅದನ್ನು 1996ರಲ್ಲಿ ಮಾರಿದರು. ಆರು ತಿಂಗಳು ಮಾತುಕತೆ ನಡೆಯಿತು. ಅಪ್ಪ, ದೊಡ್ಡಪ್ಪ, ಅಣ್ಣ, ನಾನು ಜಗಲಿಯಲ್ಲಿ ಕೂತು ಎಲ್ಲ ಲೆಕ್ಕ ಹಾಕಿದೆವು. ನನ್ನ ಒಡಹುಟ್ಟಿದ ಅಕ್ಕನಿಗೆ ಹೇಳಿದ್ದು ರಿಜಿಸ್ಟರಿಗೆ ಎರಡು ದಿನ ಇರುವಾಗ. ಅದೂ ಕೊಳ್ಳುವವರು ಅವಳ ಸಹಿ ಬೇಕು ಎಂದು ಕೂತಿದ್ದರಿಂದ. ಅವಳು ಕೈಕೂಸನ್ನು ಎತ್ತಿಕೊಂಡು ಬಸ್ಸಿನಲ್ಲಿ ಬಂದಳು. ಆಫೀಸಿನಲ್ಲಿ ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು. ದುಡ್ಡಿನ ಮಾತು ಎತ್ತಲಿಲ್ಲ. ಹೊರಗೆ ಬಂದ ಮೇಲೆ ನನ್ನ ಹತ್ತಿರ ಒಂದೇ ಮಾತು ಕೇಳಿದಳು: "ಒಂದು ರಾತ್ರಿ ಮಲಗಿ ಎದ್ದು ಬರ್ತಿದ್ದೆ ಕಣೋ, ಮುಂಚೆ ಹೇಳಬಾರದಿತ್ತಾ?" ಅಷ್ಟರಲ್ಲಿ ಮನೆಯ ಸಾಮಾನೆಲ್ಲ ಲಾರಿ ಹತ್ತಿ ಆಗಿತ್ತು. ಬೀಗದ ಕೈ ಬೇರೆಯವರ ಜೇಬಿನಲ್ಲಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಆ ರಸ್ತೆಯಲ್ಲಿ ಹೋಗುವಾಗ ಅಕ್ಕ ಈಗಲೂ ಬಸ್ಸಿನ ಆಚೆ ಬದಿಯ ಕಿಟಕಿಯಲ್ಲೇ ಕೂರುತ್ತಾಳೆ.

ಅದಕ್ಕೇ ಹೇಳುತ್ತಿದ್ದೇನೆ. ಮಗಳು ಅಳುತ್ತಾಳೆ ಅಂತ ಹೇಳದೆ ಇರಬೇಡಿ. ಅಳಲಿ. ಅವಳು ಹುಟ್ಟಿ ಬೆಳೆದ ಮನೆ ಅಲ್ವಾ? ಅಳುವುದಕ್ಕೂ ಅವಳಿಗೆ ಸಮಯ ಬೇಕು.

ಕಾನೂನಿನ ಮಾತೂ ಇದೇ ದಾರಿಯಲ್ಲಿದೆ. ಪಿತ್ರಾರ್ಜಿತವಾಗಿ ಪಾಲಿಗೆ ಬಂದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಮದುವೆಯಾಗಿ ಹೋದರೂ ಹಕ್ಕು ಹೋಗುವುದಿಲ್ಲ. ಹಾಗಾಗಿ ಕೊಳ್ಳುವವರ ವಕೀಲರು ಅವಳ ಸಹಿ ಕೇಳಿಯೇ ಕೇಳುತ್ತಾರೆ. ಆದರೆ ಸಹಿಗೋಸ್ಕರ ಅವಳಿಗೆ ಹೇಳಬೇಡಿ. ಮೊದಲು ಸುಮ್ನೆ ಹೇಳಿ. ಕಾಗದದ ಮಾತು ಒಂದು ವಾರ ಬಿಟ್ಟು ಬರಲಿ.

ಈಗ ದಲ್ಲಾಳಿಯ ಸಲಹೆ. ಅವರ ಕಸುಬು ಅದು, ಅವರನ್ನು ಬಯ್ಯುವುದಿಲ್ಲ. ಆದರೆ ನಾನು ನಿಮ್ಮ ಜಾಗದಲ್ಲಿದ್ದರೆ ಮನೆಯನ್ನು ಈ ಮಳೆಗಾಲದಲ್ಲೇ ತೋರಿಸುತ್ತಿದ್ದೆ. ನವೆಂಬರ್‌ನಲ್ಲಿ ಮಲೆನಾಡಿನ ಯಾವ ಮನೆ ಚೆನ್ನಾಗಿ ಕಾಣುವುದಿಲ್ಲ ಹೇಳಿ. ಅಂಗಳ ಒಣಗಿರುತ್ತದೆ, ತೋಟ ಹಸಿರಾಗಿರುತ್ತದೆ, ಬಾವಿಯಲ್ಲಿ ನೀರು ಮೇಲೇ ಇರುತ್ತದೆ. ಬಂದವರು ಫೋಟೊ ತೆಗೆದುಕೊಂಡು ಅಡ್ವಾನ್ಸ್ ಕೊಟ್ಟು ಹೋಗುತ್ತಾರೆ. ಮುಂದಿನ ಜುಲೈನಲ್ಲಿ ಅಟ್ಟದ ಮೇಲೆ ಪಾತ್ರೆ ಇಡುವಾಗ ನಿಮ್ಮನ್ನು ನೆನೆಸಿಕೊಳ್ಳುತ್ತಾರೆ.

ಅದರ ಬದಲು ಆಶ್ಲೇಷ ಮಳೆಯಲ್ಲೇ ಕರೆಯಿರಿ. ಎಲ್ಲಿ ಸೋರುತ್ತದೆ ತೋರಿಸಿ. ಮಾಡಿನ ಯಾವ ಪಕಾಸಿಗೆ (ಮರದ ಪಟ್ಟಿಗೆ) ಒರಲೆ ಹತ್ತಿದೆ, ಪಡುವಣ ಗೋಡೆಗೆ ತಟ್ಟಿ ಯಾಕೆ ಕಟ್ಟುತ್ತೀರಿ, ಏಪ್ರಿಲ್‌ನಲ್ಲಿ ಬಾವಿ ಬತ್ತಿದರೆ ನೀರಿಗೆ ಏನು ಮಾಡುತ್ತೀರಿ, ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೆ, ಎಲ್ಲ ಹೇಳಿ. ಆಮೇಲೆ ಬಚ್ಚಲಿಗೆ ಕರೆದುಕೊಂಡು ಹೋಗಿ ಹಂಡೆಯ ಬಿಸಿನೀರೂ ತೋರಿಸಿ. ಅಡಿಗೆಮನೆಯ ಒಲೆಯ ಪಕ್ಕ ಎಂಥ ಚಳಿಯಲ್ಲೂ ಬೆಚ್ಚಗಿರುವ ಆ ಮೂಲೆಯನ್ನೂ ತೋರಿಸಿ. ಕೆಲವರು ಎದ್ದು ಹೋಗುತ್ತಾರೆ. ಹೋಗಲಿ. ಮಳೆಯಲ್ಲಿ ನೋಡಿಯೂ ಬೇಕು ಎಂದವರು ನಿಮ್ಮ ಮನೆಯನ್ನು ಉಳಿಸಿಕೊಳ್ಳುತ್ತಾರೆ ಎನ್ನುವುದು ನನ್ನ ನಂಬಿಕೆ. ಬೆಲೆ ಸ್ವಲ್ಪ ಇಳಿಯಬಹುದು, ನಿಜ. ಮಾಡು ರಿಪೇರಿಗೆ ಎಷ್ಟಾಗುತ್ತದೆ ಎಂದು ಬಡಗಿಯಿಂದ ಮೊದಲೇ ಲೆಕ್ಕ ಹಾಕಿಸಿ ಇಟ್ಟುಕೊಳ್ಳಿ. ಆಗ ಚೌಕಾಶಿ ಅಷ್ಟಕ್ಕೇ ನಿಲ್ಲುತ್ತದೆ.

ಇದು ಬರೀ ಒಳ್ಳೆಯತನದ ಮಾತಲ್ಲ. ಕೊಳ್ಳುವವರ ಕಣ್ಣಿಗೆ ಸಾಮಾನ್ಯವಾಗಿ ಬೀಳದ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ಅದನ್ನು ಹೇಳಲೇಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹಾಗೆ ಹೇಳುತ್ತದೆ. ಬತ್ತುವ ಬಾವಿ ನವೆಂಬರ್‌ನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ ಅಲ್ವಾ?

ಜಮೀನಿನ ವಿಷಯದಲ್ಲೂ ಹೀಗೇ. ತೋಟಕ್ಕೆ ಸೊಪ್ಪಿನಬೆಟ್ಟ ಇದ್ದರೆ ಅಲ್ಲಿಂದ ಸೊಪ್ಪು, ದರಗು ತರುವ ಸವಲತ್ತು ಮಾತ್ರ ನಿಮ್ಮದು. ನೆಲ ಸರ್ಕಾರದ್ದು. ಅದನ್ನೂ ಎಕರೆ ಲೆಕ್ಕಕ್ಕೆ ಸೇರಿಸಿ ಬೆಲೆ ಹೇಳುವವರಿದ್ದಾರೆ, ಒಪ್ಪಬೇಡಿ. ಒತ್ತುವರಿ ಏನಾದರೂ ಇದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಪಹಣಿ ನಿಮ್ಮ ಮನೆಯವರ ಹೆಸರಿಗೆ ಸರಿಯಾಗಿದೆಯಾ, ಮನೆಗೆ ಪಂಚಾಯಿತಿಯಲ್ಲಿ ಇ-ಸ್ವತ್ತು, ಅಂದರೆ ಕಂಪ್ಯೂಟರ್ ಆಸ್ತಿ ದಾಖಲೆ, ಆಗಿದೆಯಾ ಎಂದು ಈಗಲೇ ನೋಡಿಕೊಳ್ಳಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು, ಅದಕ್ಕೆ ಸರ್ವೆಯವರು ಬರುವಷ್ಟರಲ್ಲಿ ತಿಂಗಳುಗಳು ಹೋಗಬಹುದು. ಆಸ್ತಿಯ ಮೇಲೆ ಸಾಲ ಗೀಲ ಇದೆಯಾ ಎಂದು ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮಗನೇ ತೆಗೆದು ಕೊಡಬಹುದು. ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾಗಿ ಹೋಂಸ್ಟೇ ಮಾಡುವ ಯೋಚನೆಯಲ್ಲಿ ದೂರದವರೂ ಬರುತ್ತಾರೆ. ಅವರಿಗೆ ಕೊಡುವುದು ತಪ್ಪಲ್ಲ. ಆದರೆ ಪಕ್ಕದ ತೋಟದವರಿಗೆ ಒಂದು ಮಾತು ಮೊದಲು ಹೇಳಿ, ಅದು ನಮ್ಮ ಕಡೆಯ ಮರ್ಯಾದೆ.

ಕ್ಯಾಶ್ ಮಾತ್ರ ಬೇಡವೇ ಬೇಡ ಅಕ್ಕ. ಮನೆ, ಜಮೀನಿನ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ. ಸಿಕ್ಕಿಬಿದ್ದರೆ ತೆಗೆದುಕೊಂಡ ಮೊತ್ತದಷ್ಟೇ ದಂಡ ಬೀಳಬಹುದು. ಆ ದುಡ್ಡನ್ನು ಬ್ಯಾಂಕಿಗೆ ಹಾಕಲೂ ಆಗದೆ, ಶಿವಮೊಗ್ಗದ ಮನೆಗೆ ಚೆಕ್ಕಿನಲ್ಲಿ ಕೊಡಲೂ ಆಗದೆ, ಇಬ್ಬರು ವಯಸ್ಸಾದವರು ಬೀರುವಿನಲ್ಲಿ ಇಟ್ಟುಕೊಂಡು ನಿದ್ದೆ ಕೆಡಬೇಕಾ? ತೆರಿಗೆಯ ಭಯಕ್ಕೆ ಹೀಗೆ ಮಾಡುವುದು ಜಾಸ್ತಿ. ನಿಮ್ಮ ವಿಷಯದಲ್ಲಿ ಆ ಭಯಕ್ಕೆ ಅಷ್ಟು ಕಾರಣವೇ ಇಲ್ಲ. ಪಟ್ಟಣದ ಎಲ್ಲೆಯಿಂದ ದೂರ ಇರುವ ಹಳ್ಳಿಯ ಕೃಷಿ ಜಮೀನು ಮಾರಿದ ಲಾಭಕ್ಕೆ ಆದಾಯ ತೆರಿಗೆ ಬರುವುದಿಲ್ಲ. ಮನೆಯ ಲಾಭಕ್ಕೆ ಬರುತ್ತದೆ, ಆದರೆ 2001ರ ಏಪ್ರಿಲ್ 1ರಂದು ಮನೆಗೆ ಇದ್ದ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಲು ಅವಕಾಶ ಇದೆ. ಆ ಲಾಭದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ವಿನಾಯಿತಿಯೂ ಇದೆ. ಕ್ರಯಪತ್ರದಲ್ಲಿ ಮನೆಗೆ ಎಷ್ಟು, ತೋಟಕ್ಕೆ ಎಷ್ಟು ಎಂದು ಬೇರೆಬೇರೆ ಬರೆಸಿ. ಮಾತುಕತೆ ಮುಗಿಯುವ ಮೊದಲೇ ಒಬ್ಬ ಆಡಿಟರ್‌ಗೆ ತೋರಿಸಿ.

ಆ ಎರಡು ವರ್ಷ ನಿಮಗೆ ಇನ್ನೊಂದಕ್ಕೂ ಉಪಯೋಗಕ್ಕೆ ಬರುತ್ತದೆ. ಶಿವಮೊಗ್ಗಕ್ಕೆ ಹೋದ ತಕ್ಷಣ ಮನೆ ಕೊಳ್ಳಬೇಡಿ. ಒಂದು ವರ್ಷ ಬಾಡಿಗೆಗೆ ಇರಿ. ವಿನಾಯಿತಿಗೆ ಇಟ್ಟ ದುಡ್ಡು ರಿಟರ್ನ್ಸ್ ಸಲ್ಲಿಸುವ ಗಡುವಿನೊಳಗೆ ಖರ್ಚಾಗದಿದ್ದರೆ ಅದಕ್ಕೆಂದೇ ಬ್ಯಾಂಕಿನಲ್ಲಿ ಇರುವ ಬಂಡವಾಳ ಲಾಭ ಖಾತೆಯಲ್ಲಿ ಹಾಕಿಡಬೇಕು, ಅಷ್ಟೇ. ಹಂಚಿನ ಮನೆಯಲ್ಲಿ ನಲವತ್ತು ವರ್ಷ ಮಲಗಿದವರಿಗೆ ತಾರಸಿ ಮನೆಯ ಏಪ್ರಿಲ್ ಹೇಗಿರುತ್ತದೆ ಎಂದು ಮಲಗಿ ನೋಡದೆ ಗೊತ್ತಾಗುವುದಿಲ್ಲ. ಮಹಡಿ ಮೇಲಿನ ಮನೆ ಬೇಡ, ಮಂಡಿಗೂ ಆಗದು, ಸೆಕೆಗೂ ಆಗದು. ನೆಲದ ಮನೆ, ಹಿಂದೆ ಒಂದು ಕರಿಬೇವು, ನಾಲ್ಕು ಬುಡ ಕೆಸು ಹಾಕುವಷ್ಟು ಜಾಗ ಇದ್ದರೆ ಸಾಕು.

ಶಿವಮೊಗ್ಗದಲ್ಲಿ ಬಡಾವಣೆ ಯಾವುದು ಎಂದೂ ಪತ್ರದಲ್ಲಿ ಕೇಳಿದ್ದೀರಿ. ವಿನೋಬನಗರವೋ, ಗೋಪಾಳವೋ, ರವೀಂದ್ರನಗರವೋ ಎನ್ನುವುದಕ್ಕಿಂತ ಮಗಳ ಮನೆಗೆ ನಡೆದು ಎಷ್ಟು ಹೊತ್ತು ಎಂದು ನೋಡಿ. ಆಟೋ ಹಿಡಿದು ಹೋಗಬೇಕಾದರೆ ವಾರಕ್ಕೊಮ್ಮೆ ಹೋಗುತ್ತೀರಿ. ನಡೆದು ಹೋಗುವಷ್ಟು ಹತ್ತಿರ ಇದ್ದರೆ ಮೊಮ್ಮಕ್ಕಳು ಶಾಲೆಯಿಂದ ಸೀದಾ ನಿಮ್ಮ ಅಡಿಗೆಮನೆಗೇ ಬರುತ್ತಾರೆ. ಆದರೆ ಒಂದೇ ಮನೆಯಲ್ಲಿ ಬೇಡ ಎನ್ನುವುದು ನನ್ನ ಸಲಹೆ. ಅಳಿಯನಿಗೂ ನಿಮ್ಮ ಯಜಮಾನರಿಗೂ ಅವರವರ ಬಾಗಿಲು ಇರಲಿ. ಸಂಜೆ ಮಕ್ಕಳ ಕೈ ಹಿಡಿದು ಗಾಂಧಿ ಪಾರ್ಕಿಗೆ ಹೋಗಿ ಬನ್ನಿ. ಒಂದು ಭಾನುವಾರ ಶಿವಪ್ಪನಾಯಕನ ಅರಮನೆಗೆ, ಇನ್ನೊಂದು ಭಾನುವಾರ ತುಂಗೆ ಭದ್ರೆ ಸೇರುವ ಕೂಡ್ಲಿಗೆ.

ತೀರ್ಥಹಳ್ಳಿ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಆ ದಾರಿಯಲ್ಲಿ ಎಷ್ಟು ಓಡಾಡಿದ್ದೀರಿ ನೀವು! ಆದರೆ ಯಾವತ್ತಾದರೂ ಇಳಿದಿದ್ದೀರಾ? ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ಮೇಲೆ ಈ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಮುಂದೆ ಸಕ್ರೆಬೈಲಿನಲ್ಲಿ ಬೆಳಿಗ್ಗೆ ಆನೆಗಳಿಗೆ ಸ್ನಾನ. ಆಮೇಲೆ ಗಾಜನೂರು ಅಣೆಕಟ್ಟು. ಆಸ್ಪತ್ರೆಗೆ, ಮದುವೆಗೆ, ಸಾವಿಗೆ ಅಂತ ಅವಸರದಲ್ಲಿ ದಾಟಿದ ಜಾಗಗಳು ಇವು. ನಿಮ್ಮ ಮನೆ ಪಕ್ಕದ ತುಂಗೆಯೇ ಶಿವಮೊಗ್ಗಕ್ಕೂ ಹರಿದು ಬರುತ್ತಾಳೆ. ನೀವು ಊರು ಬಿಟ್ಟು ಪರದೇಶಕ್ಕೆ ಹೋಗುತ್ತಿಲ್ಲ ಅಕ್ಕ, ಹೊಳೆಯ ಜೊತೆ ಸ್ವಲ್ಪ ಕೆಳಗೆ ಇಳಿಯುತ್ತಿದ್ದೀರಿ.

ಒಂದೇ ಒಂದು ಬೇಡಿಕೆ ನನ್ನದು. ಕರಾರು ಈಗ ಆದರೂ ಅಡಿಕೆ ಕೊಯ್ಲು ಮುಗಿಯುವವರೆಗೆ ಮನೆ ಬಿಟ್ಟುಕೊಡುವುದಿಲ್ಲ ಎಂದು ಬರೆಸಿಕೊಳ್ಳಿ. ಈ ವರ್ಷದ ಚೌತಿ ಅಲ್ಲೇ ಆಗಲಿ. ಭೂಮಿ ಹುಣ್ಣಿಮೆಗೆ ಮಗ ಸೊಸೆ, ಮಗಳು ಅಳಿಯ, ಮಕ್ಕಳು ಎಲ್ಲರೂ ಬರಲಿ. ಬೆಳಗಿನ ಜಾವ ಬುಟ್ಟಿ ಹೊತ್ತು ತೋಟಕ್ಕೆ ಹೋಗಿ ಬಸುರಿ ಭೂಮಿಗೆ ಬಯಕೆಯ ಊಟ ಬಡಿಸುವಾಗ ಮೊಮ್ಮಕ್ಕಳ ಕೈಯಲ್ಲಿ ಬಡಿಸಿ. ಯಜಮಾನರಿಗೆ ದರೆ ಇಳಿಯಲು ಆಗದಿದ್ದರೆ ಮೇಲೆ ಕುರ್ಚಿ ಹಾಕಿ ಕೂರಿಸಿ. ಮಕ್ಕಳು ಮರಳಿ ಬೆಂಗಳೂರು, ಶಿವಮೊಗ್ಗ ಎಂದು ಹೋದ ಮೇಲೆ ಸಾಮಾನು ಕಟ್ಟಲು ಶುರು ಮಾಡಿ. ಹಂಡೆ ಬೇಕಾ, ಒರಳು ಬೇಕಾ, ಯಾವ ಮರದ ಪೆಟ್ಟಿಗೆ ಯಾರಿಗೆ ಎನ್ನುವುದನ್ನು ಮಗಳೇ ನಿಂತು ಹಂಚಲಿ.

ಅದಕ್ಕೆ ಅವಳಿಗೆ ಬೇಗ ಗೊತ್ತಾಗಬೇಕು. ಫೋನಿನಲ್ಲಿ ಬೇಡ. ನಾಳೆ ಬೆಳಗಿನ ಬಸ್ಸಿಗೆ ನೀವೇ ಹೋಗಿ. ಹೋಗುವಾಗ ಹಿತ್ತಲಿನ ಕೆಸುವಿನ ಎಲೆ ಕೊಯ್ದುಕೊಂಡು ಹೋಗಿ, ಪತ್ರೊಡೆ ಮಾಡುತ್ತಾ ಹೇಳಿ. ಅವಳು ಏನೆಂದಳು ಎಂದು ನನಗೊಂದು ಪತ್ರ ಹಾಕಿ, ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ