ಮಳೆಗೆ ಕಚ್ಚಿಕೊಂಡ ಡ್ರಾಯರ್ ಬಿಚ್ಚುವ ಬಗೆ

ಪ್ರಶ್ನೆ: ತಾತನ ಕಾಲದ ತೇಗದ ಮೇಜಿಗೆ ಒಂದರ ಕೆಳಗೊಂದು ಮೂರು ಡ್ರಾಯರ್. ಮಳೆ ಹಿಡಿದ ಮೇಲೆ ಮೇಲಿನ ಎರಡು ಅಲುಗುತ್ತಿಲ್ಲ. ಒಂದರ ಮೂಲೆ ಬಿಟ್ಟುಕೊಂಡು ತಳದ ಹಲಗೆಯೂ ಜೋತಿದೆ. ಅಂಚು ಹೆರೆದರೆ ಸಾಕು ಅನ್ನುತ್ತಾರೆ. ಹೆರೆಸಲೇ?
– ಓದುಗರು, ಮೂಡಿಗೆರೆ

ಉತ್ತರ: ಈಗ ಖಂಡಿತ ಬೇಡ. ಮರ ಉಬ್ಬುವುದು ನಾರಿಗೆ ಅಡ್ಡಲಾಗಿ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಪಕ್ಕದ ಹಲಗೆಗಳ ಎತ್ತರ ಹೆಚ್ಚಿ ಮೇಲಿನ ಪಟ್ಟಿಗೆ ಕಚ್ಚಿವೆ. ಜುಲೈನಲ್ಲಿ ಹೆರೆದದ್ದು ಮಾರ್ಚಿಗೆ ಲೊಡಲೊಡ ಅನ್ನುತ್ತದೆ. ಬೇಸಿಗೆಯಲ್ಲೂ ಬಿಗಿಯಿದ್ದರೆ ಆಗ ಮೇಲಂಚನ್ನು ಹೆರೆಸಿ. ಆರಂಗುಲ ಎತ್ತರದ ಡ್ರಾಯರಿಗೆ 2 ಮಿ.ಮೀ. ಸಂದು ಬಿಟ್ಟರೆ ಮಲೆನಾಡಿನ ಮಳೆಗಾಲ ದಾಟುತ್ತದೆ.

ಹಿಡಿ ಹಿಡಿದು ಜಗ್ಗಬೇಡಿ, ಮುಂಭಾಗವೇ ಕಿತ್ತು ಬರಬಹುದು. ಕೆಳಗಿನ ಡ್ರಾಯರ್ ತೆಗೆದು, ಒಳಗೆ ಕೈ ಹಾಕಿ ಹಿಂದಿನಿಂದ ಎಡಬಲ ಸಮನಾಗಿ ತಳ್ಳಿ. ನಡುವೆ ಹಲಗೆಯಿದ್ದರೆ ಮೇಜಿನ ಬೆನ್ನುಹಲಗೆ ಬಿಚ್ಚಿ.

ಮೂಲೆ ಬಿಟ್ಟದ್ದನ್ನು ಪೂರ್ತಿ ಬಿಚ್ಚಲೇಬೇಕು. ಸಂದಿಗೆ ಅಂಟು ಸುರಿದರೆ ನಿಲ್ಲದು, ಒಣಗಿದ ಹಳೆಯ ಅಂಟಿನ ಮೇಲೆ ಹೊಸದು ಹಿಡಿಯುವುದಿಲ್ಲ. ಮೊದಲು ಒಳಮೈಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ತಳದ ಹಲಗೆಯನ್ನು ಹಿಂಬದಿಗೆ ಹಿಡಿದಿರುವ ಮೊಳೆಗಳನ್ನು ತೆಗೆದು, ಹಲಗೆಯನ್ನು ಹಿಂದಕ್ಕೆ ಜಾರಿಸಿ. ಕೆಳಗೆ ಬಡಿದರೆ ಅದು ಕೂತಿರುವ ಸಂದಿನ ತುಟಿ ಸೀಳುತ್ತದೆ.

ಹೆಚ್ಚಿನವರು ಮರ ಮುರಿದುಕೊಳ್ಳುವುದು ಮುಂದಿನ ಮೂಲೆಯಲ್ಲಿ. ಹಳೆಯ ಡ್ರಾಯರ್‌ಗಳಲ್ಲಿ ಅಲ್ಲಿರುವುದು ಸಾಮಾನ್ಯವಾಗಿ ಡವ್‌ಟೇಲ್ ಜೋಡಣೆ, ಅಂದರೆ ಪಾರಿವಾಳದ ಬಾಲದಂತೆ ತುದಿ ಅಗಲವಾದ ಹಲ್ಲುಗಳು ಒಂದರೊಳಗೊಂದು ಕೂರುವ ಮೂಲೆ. ಅದರ ಹಲ್ಲುಗಳು ಮುಂದಕ್ಕೆ ಎಳೆದರೆ ಬಿಡದಂತೆಯೇ ಕೊರೆದವು. ಪಕ್ಕದ ಹಲಗೆಯ ಒಳಮೈಗೆ, ಮೂಲೆಯ ಹತ್ತಿರ ಮರದ ತುಂಡು ಇಟ್ಟು, ಕೊಡತಿಯಿಂದ ಹೊರಗಡೆಗೆ ಮೆಲ್ಲಗೆ ತಟ್ಟಿ. ಬಿಡದಿದ್ದರೆ ಮೂಲೆಗೆ ಬಿಸಿನೀರಿನ ಬಟ್ಟೆ ಸುತ್ತಿ: ಹಳೆಯ ಮರವಜ್ರವಾಗಿದ್ದರೆ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು) ಮೆದುವಾಗಿ ಬಿಡುತ್ತದೆ. ಆಮೇಲೆ ಯಾರೋ ಫೆವಿಕಾಲ್ ಹಾಕಿದ್ದರೆ ಬಿಸಿಗಾಳಿ ಹಿಡಿದು ಕೆರೆಯಬೇಕು. ಇದು ತಾಳ್ಮೆಯ ಕೆಲಸ.

ಅಂಟಿಲ್ಲದೆ ಒಮ್ಮೆ ಕೂಡಿಸಿ ನೋಡಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಡ್ರಾಯರ್ ಓರೆ, ಮತ್ತೆ ಕಚ್ಚುತ್ತದೆ. ಅಂಟು ಮೂಲೆಗಳಿಗೆ ಮಾತ್ರ. ತಳದ ಹಲಗೆಗೆ ಅಂಟು ಹಾಕಿದರೆ ಹಿಗ್ಗಿ ಕುಗ್ಗಲು ಜಾಗವಿಲ್ಲದೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಕ್ಲಾಂಪ್ ಹಾಕಿ 24 ಗಂಟೆ ಮುಟ್ಟಬೇಡಿ. ಕೊನೆಗೆ ಜಾರುವ ಅಂಚುಗಳಿಗೆ ಮೇಣದಬತ್ತಿ ಉಜ್ಜಿ. ಕೊಬ್ಬರಿ ಎಣ್ಣೆ ಸವರಿದರೆ ಧೂಳು ಕೂತು ಜಿಗುಟಾಗುತ್ತದೆ.

ಪ್ರಶ್ನೆ: ಪ್ಲೈವುಡ್ ವಾರ್ಡ್‌ರೋಬಿನ ಡ್ರಾಯರ್ ಚಾನೆಲ್‌ನಿಂದ (ಅದು ಜಾರುವ ಲೋಹದ ಹಳಿ) ಹೊರಬರುತ್ತಿಲ್ಲ.
– ಓದುಗರು, ಹಾಸನ

ಉತ್ತರ: ಪೂರ್ತಿ ಎಳೆದು ನೋಡಿ. ಎರಡೂ ಚಾನೆಲ್‌ಗಳಲ್ಲಿ ಕಪ್ಪು ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ಸಾಮಾನ್ಯವಾಗಿ ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಒಟ್ಟಿಗೇ ಒತ್ತಿ ಎಳೆದರೆ ಬರುತ್ತದೆ. ಉಕ್ಕಿನ ಗುಂಡುಗಳ ಮೇಲೆ ಜಾರುವ (ಬಾಲ್ ಬೇರಿಂಗ್) ಹೊಸ ಚಾನೆಲ್ ಹಾಕುವುದಾದರೆ ಪ್ರತಿ ಪಕ್ಕ 12.5ರಿಂದ 13 ಮಿ.ಮೀ. ಜಾಗ ಬೇಕು. ಅದಕ್ಕಿಂತ ಕಡಿಮೆಯಾದರೆ ಬಿಗಿಯುತ್ತದೆ, ಹೆಚ್ಚಾದರೆ ಗುಂಡುಗಳು ಉದುರುತ್ತವೆ. ಸಡಿಲವಾದ ಸ್ಕ್ರೂ ತೂತಿಗೆ ಬಿದಿರಿನ ಕಡ್ಡಿಯನ್ನು ಅಂಟಿನೊಂದಿಗೆ ಬಡಿದು, ಒಣಗಿದ ಮೇಲೆ ಸ್ಕ್ರೂ ತಿರುಗಿಸಿ.