ಧೂಳೇಳುವ ದಿನ ಮಕ್ಕಳು ಹೊರಗೆ, ಗೋಡೆ ಮುಚ್ಚುವ ದಿನ ನೀವು ಒಳಗೆ

ನಿಮ್ಮ ಪ್ರಶ್ನೆ ಓದಿದೆ. ಬಾತ್‌ರೂಮು ಒಡೆಸಿ ಹೊಸದಾಗಿ ಮಾಡಿಸಬೇಕು, ಅಡುಗೆಮನೆಯ ಕಪಾಟುಗಳನ್ನು ಬದಲಿಸಬೇಕು, ಕೊನೆಗೆ ಇಡೀ ಮನೆಗೆ ಬಣ್ಣ. ಮನೆಯಲ್ಲಿ ನಾಲ್ಕು ವರ್ಷದ ಮಗಳು, ಒಂದೂವರೆ ವರ್ಷದ ಮಗ. ಹೇಗೂ ರಜೆ ಸಿಗುತ್ತಿದೆ, ಕೆಲಸ ಶುರುವಾದ ದಿನವೇ ಬೀಗದ ಕೈ ಮೇಸ್ತ್ರಿಗೆ ಕೊಟ್ಟು ನಾಲ್ವರೂ ಹತ್ತು ದಿನ ಪ್ರವಾಸ ಹೋಗಿಬಂದರೆ ಹೇಗೆ ಎಂದು ಕೇಳಿದ್ದೀರಿ. ಪ್ರವಾಸ ಹೋಗಿ, ಖಂಡಿತ ಹೋಗಿ. ಆದರೆ ಆ ಹತ್ತು ದಿನಗಳನ್ನು ಆರಂಭದಲ್ಲೇ ಒಟ್ಟಿಗೆ ಕಳೆದುಬಿಡಬೇಡಿ. ಯಾವ ದಿನ ಯಾರು ಮನೆಯಲ್ಲಿರಬೇಕು, ಯಾರು ಇರಬಾರದು ಎನ್ನುವುದನ್ನು ಕೆಲಸದ ಹಂತ ನೋಡಿ ತೀರ್ಮಾನಿಸಬೇಕು.

ಮೊದಲಿಗೆ ಒಂದು ಮಾತು: ಹತ್ತು ದಿನಕ್ಕೆ ಈ ಕೆಲಸ ಮುಗಿಯುವುದಿಲ್ಲ. ಸಿಮೆಂಟಿನ ಕೆಲಸವನ್ನು ಎಷ್ಟು ಜನ ಸೇರಿದರೂ ಅವಸರಪಡಿಸಲಾಗದು. ಹೊಸ ಪ್ಲಾಸ್ಟರನ್ನು ಕನಿಷ್ಠ 7 ದಿನ ಒದ್ದೆಯಾಗಿಡಬೇಕು, ಅದು ಒಳಗಿನಿಂದ ಒಣಗಿ ಬಣ್ಣಕ್ಕೆ ಸಿದ್ಧವಾಗಲು ಸುಮಾರು 4 ವಾರ ಬೇಕು. ಹಸಿ ಗೋಡೆಗೆ ಬಣ್ಣ ಬಳಿದರೆ ಪೊರೆಪೊರೆಯಾಗಿ ಏಳುತ್ತದೆ. ‘ನೀವು ಬರುವಷ್ಟರಲ್ಲಿ ಎಲ್ಲ ಮುಗಿಸಿರುತ್ತೇನೆ’ ಎಂದು ಮೇಸ್ತ್ರಿ ಹೇಳಿದರೆ, ಯಾವುದನ್ನು ಬಿಟ್ಟು ಮುಗಿಸುತ್ತಾರೆ ಎಂದು ಕೇಳಿ.

ಬಾತ್‌ರೂಮಿನ ಕ್ರಮ ಹೀಗೆ: ಒಡೆಯುವುದು, ಪೈಪು ಮತ್ತು ವೈರು ಎಳೆಯುವುದು, ಗಾರೆ, ವಾಟರ್‌ಪ್ರೂಫಿಂಗ್ (ನೀರು ಇಂಗದಂತೆ ಬಳಿಯುವ ಲೇಪ), ಟೈಲ್ಸ್, ಆಮೇಲೆ ನಲ್ಲಿ ಮತ್ತು ದೀಪಗಳ ಜೋಡಣೆ. ಇದರಲ್ಲಿ ಒಡೆಯುವ ದಿನ, ಟೈಲ್ಸ್ ಕತ್ತರಿಸುವ ದಿನ, ಗೋಡೆ ತಿಕ್ಕಿ ಬಣ್ಣ ಬಳಿಯುವ ದಿನ ಮಕ್ಕಳು ಅಲ್ಲಿರಬಾರದು. ಪೈಪು, ವೈರು, ವಾಟರ್‌ಪ್ರೂಫಿಂಗ್ ನಡೆಯುವ ದಿನ ದೊಡ್ಡವರಲ್ಲಿ ಒಬ್ಬರಾದರೂ ಇರಲೇಬೇಕು. ಹಾಗಾಗಿ ರಜೆಯನ್ನು ಎರಡು ತುಂಡು ಮಾಡಿ. ಒಡೆಯುವಾಗ ಮೂರು ನಾಲ್ಕು ದಿನ, ಉಳಿದದ್ದು ಬಣ್ಣದ ಸಮಯಕ್ಕೆ. ನನ್ನ ಮಟ್ಟಿಗೆ ದೊಡ್ಡ ತುಂಡು ಬಣ್ಣಕ್ಕೇ ಇರಲಿ. ಒಡೆಯುವುದು ಒಂದು ಕೋಣೆಯ ಕೆಲಸ, ಬಾಗಿಲು ಮುಚ್ಚಿ ಹೇಗೋ ತಡೆದಿಡಬಹುದು. ಬಣ್ಣ ಇಡೀ ಮನೆಯ ಕೆಲಸ, ಮಕ್ಕಳನ್ನು ಮಲಗಿಸಲು ಒಂದು ಮೂಲೆಯೂ ಉಳಿಯುವುದಿಲ್ಲ. ಎರಡು ಸಲ ಪ್ರವಾಸ ಆಗದು ಎಂದಾದರೆ, ಮೊದಲ ಸಲ ಮಕ್ಕಳು ಒಬ್ಬರ ಜೊತೆ ಅಜ್ಜಿಯ ಮನೆಯಲ್ಲಿರಲಿ, ಇನ್ನೊಬ್ಬರು ಇಲ್ಲೇ ಇರಿ.

ಧೂಳಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅದನ್ನು ಗುಡಿಸಿದರೆ ಹೋಗುವ ಕಸವೆಂದೇ ಹೆಚ್ಚಿನವರು ತಿಳಿಯುತ್ತಾರೆ. ಕಣ್ಣಿಗೆ ಕಾಣುವ ದಪ್ಪ ಧೂಳು ನೆಲಕ್ಕೆ ಬೀಳುತ್ತದೆ, ಅದು ದೊಡ್ಡ ಸಮಸ್ಯೆಯಲ್ಲ. ಟೈಲ್ಸ್, ಕಲ್ಲು, ಕಾಂಕ್ರೀಟನ್ನು ಯಂತ್ರದಲ್ಲಿ ಕತ್ತರಿಸಿದಾಗ ಏಳುವ ಸಿಲಿಕಾ, ಅಂದರೆ ಮರಳು ಕಲ್ಲುಗಳಲ್ಲಿರುವ ಖನಿಜದ ಕಣಗಳು ಕಾಣಿಸುವುದೇ ಇಲ್ಲ. ಗಂಟೆಗಟ್ಟಲೆ ಗಾಳಿಯಲ್ಲೇ ಇದ್ದು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಮ್ಮ ಮನೆಯಲ್ಲಿ ಬಾತ್‌ರೂಮು ಒಡೆದ ಮರುದಿನ, ಎರಡು ಬಾಗಿಲು ಆಚೆ ಮುಚ್ಚಿಟ್ಟಿದ್ದ ಮಲಗುವ ಕೋಣೆಯಲ್ಲಿ ಫ್ಯಾನಿನ ರೆಕ್ಕೆಯ ಮೇಲೆ ಬೆರಳಾಡಿಸಿದರೆ ಹಿಟ್ಟಿನಂತಹ ಬಿಳಿ ಪದರ ಅಂಟಿಕೊಂಡಿತು. ಆ ಫ್ಯಾನು ಹಾಕಿದ್ದರೆ ಅದೆಲ್ಲ ಮಗುವಿನ ಹಾಸಿಗೆಯ ಮೇಲೆ ಬೀಳುತ್ತಿತ್ತು. ಹೊರಗಿನಿಂದ ಬಂದ ಕೂಡಲೇ ಫ್ಯಾನು ಹಾಕುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ಅದಕ್ಕೆ ಮೊದಲು ಒದ್ದೆ ಬಟ್ಟೆಯಿಂದ ರೆಕ್ಕೆಗಳನ್ನು ಒರೆಸಿ.

ಕತ್ತರಿಸುವ ಕೆಲಸವನ್ನು ಮನೆಯ ಹೊರಗೆ, ನೀರು ಹನಿಸುತ್ತ ಮಾಡಿಸಿ. ಒಡೆಯುವ ಕೋಣೆಯ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಬಿಗಿಯಿರಿ, ಉಳಿದ ಕೋಣೆಗಳ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ. ಇದಕ್ಕಿಂತ ಮುಖ್ಯವಾದದ್ದು ಗಾಳಿಯ ದಿಕ್ಕು. ಒಡೆಯುವ ಕೋಣೆಯ ಕಿಟಕಿಯಲ್ಲಿ ಗಾಳಿಯನ್ನು ಹೊರಕ್ಕೆ ತಳ್ಳುವಂತೆ ಒಂದು ಫ್ಯಾನು ಇಟ್ಟರೆ, ಸಂದಿಗಳ ಮೂಲಕ ಮನೆಯ ಗಾಳಿಯೇ ಆ ಕೋಣೆಗೆ ನುಗ್ಗುತ್ತದೆ, ಅಲ್ಲಿನ ಧೂಳು ಇತ್ತ ಬರುವುದಿಲ್ಲ. ಶುಚಿ ಮಾಡುವಾಗ ಪೊರಕೆ ಬೇಡ, ಒದ್ದೆ ಬಟ್ಟೆಯಿಂದಲೇ ಒರೆಸಿ. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಅತಿ ಸಣ್ಣ ಧೂಳನ್ನು ಹಿಂದಿನಿಂದ ಮತ್ತೆ ಉಗುಳುತ್ತದೆ, ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದಾದರೆ ಸರಿ. ಕತ್ತರಿಸುವವರಿಗೂ ಎನ್95 ಮಾಸ್ಕ್ ತಂದುಕೊಡಿ; ನಾವು ನಾಲ್ಕು ದಿನ ಸಹಿಸುವ ಧೂಳು ಅವರಿಗೆ ವರ್ಷವಿಡೀ ಇರುತ್ತದೆ.

ಮನೆ ಹಳೆಯದಾಗಿದ್ದರೆ ಬಣ್ಣದ ಹಳೆಯ ಪದರಗಳಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮನೆಯ ಬಣ್ಣಗಳಲ್ಲಿ ಸೀಸವನ್ನು 1978ರಲ್ಲೇ ನಿಷೇಧಿಸಿದರು, ಎಷ್ಟೋ ದೇಶಗಳಲ್ಲಿ ಅದಕ್ಕಿಂತ ಬಹಳ ತಡವಾಗಿ ನಿಯಮ ಬಂತು. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವ ಮಟ್ಟ ಯಾವುದೂ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಮಗನ ವಯಸ್ಸನ್ನು ಯೋಚಿಸಿ: ಅಂಬೆಗಾಲು ಈಗಷ್ಟೇ ಬಿಟ್ಟ ಮಗು, ನೆಲದ ಮೇಲೆ ಕೈ, ಆ ಕೈ ನೇರ ಬಾಯಿಗೆ. ಬಾಗಿಲು, ಕಿಟಕಿ, ಸರಳುಗಳ ಹಳೆಯ ಎನಾಮೆಲ್ ಬಣ್ಣದ ಮೇಲೆ ಹೆಚ್ಚು ಅನುಮಾನವಿರಲಿ. ಒಂದು ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ನೋಡಬಹುದು. ಪರೀಕ್ಷಿಸದಿದ್ದರೆ ಸೀಸ ಇದೆ ಎಂದೇ ಇಟ್ಟುಕೊಂಡು, ಒಣಗಿದ ಮರಳು ಕಾಗದದಿಂದ ತಿಕ್ಕಲು, ಬೆಂಕಿ ಹಿಡಿದು ಸುಟ್ಟು ಕೆರೆಯಲು ಬಿಡಬೇಡಿ. ಒದ್ದೆ ಮಾಡಿಯೇ ಕೆರೆಯಬೇಕು, ಕೆರೆದದ್ದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಿಡಿದು ಕಟ್ಟಬೇಕು. ಆ ದಿನ ಮಕ್ಕಳಂತೂ ಬೇಡ, ಬಸುರಿಯರಿದ್ದರೆ ಅವರೂ ಬೇಡ.

ಈಗ ನೀವು ಇರಲೇಬೇಕಾದ ದಿನಗಳು. ಟೈಲ್ಸ್ ಬಣ್ಣ ಇಷ್ಟವಾಗದಿದ್ದರೆ ಕಣ್ಣಿಗೆ ಕಾಣುತ್ತದೆ, ಬದಲಿಸಬಹುದು. ಟೈಲ್ಸ್ ಹಿಂದಿನ ಪೈಪಿನ ಜೋಡಣೆ ಸಡಿಲವಿದ್ದರೆ ಎರಡು ವರ್ಷದ ನಂತರ ಪಕ್ಕದ ಕೋಣೆಯ ಗೋಡೆಯಲ್ಲಿ ತೇವವಾಗಿ ಕಾಣಿಸಿಕೊಳ್ಳುತ್ತದೆ, ಆಗ ಮತ್ತೆ ಒಡೆಯಬೇಕು. ಗೋಡೆ ಮುಚ್ಚುವ ಮುನ್ನ ಪೈಪಿನಲ್ಲಿ ನೀರಿನ ಒತ್ತಡ ಕೊಟ್ಟು ನಿಲ್ಲಿಸಿ ನೋಡಿ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, ಟೈಲ್ಸ್ ಹಾಕುವ ಮುಂಚೆ, ಚರಂಡಿಯ ಬಾಯಿ ಮುಚ್ಚಿ ನೆಲದ ತುಂಬ ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲಿನಿಂದ ಮಟ್ಟ ಗುರುತಿಸಿ, 24ರಿಂದ 48 ಗಂಟೆ ಬಿಡಿ. ಕೆಳಗಿನ ಮನೆಯ ಚಾವಣಿಯನ್ನೂ ಹೋಗಿ ನೋಡಿ. ಈ ಪರೀಕ್ಷೆಯನ್ನು ಫೋನಿನಲ್ಲಿ ಒಪ್ಪಿಕೊಳ್ಳುವುದು ಬೇಡ. ನೀರು ನಿಂತಿರುವಷ್ಟು ಹೊತ್ತು ಆ ಬಾಗಿಲಿಗೆ ಹೊರಗಿನಿಂದ ಬೀಗವಿರಲಿ. ಕೆಲವೇ ಸೆಂಟಿಮೀಟರ್ ನೀರಿನಲ್ಲಿ ಸಣ್ಣ ಮಗು ಮುಳುಗಬಹುದು, ಅದೂ ಸದ್ದಿಲ್ಲದೆ. ಗಾರೆಯವರ ಅರ್ಧ ತುಂಬಿದ ಬಕೆಟ್ಟಿಗೂ ಇದೇ ಮಾತು. ತಲೆಯ ಭಾರಕ್ಕೆ ಮಗು ಒಳಗೆ ಬಗ್ಗಿದರೆ ಮತ್ತೆ ಏಳಲಾರದು. ಸಂಜೆ ಕೆಲಸದವರು ಹೊರಟ ಮೇಲೆ ಎಲ್ಲ ಬಕೆಟ್, ಡ್ರಮ್ಮುಗಳನ್ನು ಬೋರಲು ಹಾಕಿ.

ಪೈಪು, ವೈರು ಕಾಣುತ್ತಿರುವಾಗಲೇ ಪ್ರತಿ ಗೋಡೆಯ ಫೋಟೋ ತೆಗೆದಿಡಿ. ನೆಲದಿಂದ, ಮೂಲೆಯಿಂದ ಅಳತೆ ಟೇಪು ಹಿಡಿದು ಅಂಕಿ ಓದುವಂತೆ ತೆಗೆಯಬೇಕು; ಬರಿಯ ಗೋಡೆಯ ಚಿತ್ರ ಮುಂದೆ ಉಪಯೋಗಕ್ಕೆ ಬರುವುದಿಲ್ಲ. ಕಪಾಟು, ಪುಸ್ತಕದ ಗೂಡು, ಟಿವಿ ಇವನ್ನೆಲ್ಲ ಗೋಡೆಗೆ ಬಿಗಿಯಬೇಕು, ಮಕ್ಕಳು ಖಾನೆಗಳನ್ನು ಮೆಟ್ಟಿಲು ಮಾಡಿ ಹತ್ತುತ್ತಾರೆ. ಆಗ ಎಲ್ಲಿ ಕೊರೆಯಬಾರದು ಎಂದು ಈ ಫೋಟೋ ಹೇಳುತ್ತದೆ.

ಎಲೆಕ್ಟ್ರಿಷಿಯನ್ ಇರುವಾಗ ಕರೆಂಟು ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ನೋಡಿಸಿ, ಇಲ್ಲದಿದ್ದರೆ ಹಾಕಿಸಿ, ಅದರ ಪರೀಕ್ಷೆಯ ಗುಂಡಿ ಒತ್ತಿ ಕರೆಂಟು ಹೋಗುತ್ತದೆಯೇ ನೋಡಿ. ಕೆಳಗಿನ ಸಾಕೆಟ್ಟುಗಳೆಲ್ಲ ಒಳಗೆ ಶಟರ್ (ಪ್ಲಗ್ ಹಾಕಿದಾಗ ಮಾತ್ರ ತೆರೆಯುವ ಮುಚ್ಚಳ) ಇರುವಂಥವೇ ಆಗಲಿ. ಬಿಸಿನೀರಿಗೆ ಉಷ್ಣತೆ ಮಿತಿಗೊಳಿಸುವ ಮಿಕ್ಸರ್ ವಾಲ್ವ್ ಹಾಕಿಸಲು ಇದೇ ಸರಿಯಾದ ಸಮಯ. 60 ಡಿಗ್ರಿ ಸೆಲ್ಸಿಯಸ್ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಆಳವಾಗಿ ಸುಡುತ್ತದೆ. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ, ಒದ್ದೆಯಾದಾಗಲೂ ಕಾಲು ಹಿಡಿಯುವ ಒರಟು ಮೈಯವು ಬೇಕು. ಚಿಲಕ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸುವಂಥದ್ದಿರಲಿ, ನಾಲ್ಕು ವರ್ಷದವರು ಒಳಗಿನಿಂದ ಹಾಕಿಕೊಂಡು ತೆಗೆಯಲು ಬಾರದೆ ಅಳುವುದು ಎಲ್ಲ ಮನೆಯಲ್ಲೂ ಒಮ್ಮೆಯಾದರೂ ಆಗುತ್ತದೆ. ವಾಷ್ ಬೇಸಿನ್ ಮಾತ್ರ ದೊಡ್ಡವರ ಎತ್ತರಕ್ಕೇ ಇಡಿಸಿ, ಮಕ್ಕಳಿಗೆ ಒಂದು ಗಟ್ಟಿ ಮಣೆ ಸಾಕು. ಸ್ವಿಚ್ಚಿನ ವಿಷಯ ಬೇರೆ. ಗುರುತು ಹಾಕುವ ದಿನ ಮಗಳನ್ನು ಬಾತ್‌ರೂಮಿನ ಬಾಗಿಲ ಬಳಿ ನಿಲ್ಲಿಸಿ, ಕೈ ಎತ್ತು ಎನ್ನಿ. ಬೆರಳ ತುದಿ ಮುಟ್ಟಿದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ರಾತ್ರಿ ತಾನೇ ದೀಪ ಹಾಕಿಕೊಂಡು ಹೋಗುವ ಮಗು ಅರ್ಧ ಹೆದರಿಕೆ ಕಳೆದುಕೊಳ್ಳುತ್ತದೆ.

ಇನ್ನೊಂದು ಮಾತನ್ನು ದಯವಿಟ್ಟು ಕೆಲಸದ ಮೊದಲ ದಿನವೇ ಎಲ್ಲರಿಗೂ ಹೇಳಿ: ಥಿನ್ನರ್, ಆ್ಯಸಿಡ್, ಟರ್ಪೆಂಟೈನ್ ಯಾವುದನ್ನೂ ಕುಡಿಯುವ ನೀರಿನ ಬಾಟಲಿಗೆ ಸುರಿಯಬಾರದು. ಕಿಟಕಿಯ ಕಟ್ಟೆಯ ಮೇಲೆ ಅರ್ಧ ತುಂಬಿದ ಬಾಟಲಿ ಕಂಡರೆ ಮಗುವಿಗೆ ಅದು ನೀರೇ. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ, ಆ್ಯಸಿಡ್ ಇಳಿಯುವಾಗ ಸುಟ್ಟದ್ದು ಮೇಲೆ ಬರುವಾಗ ಮತ್ತೆ ಸುಡುತ್ತದೆ, ಥಿನ್ನರ್, ಟರ್ಪೆಂಟೈನ್ ಶ್ವಾಸಕೋಶಕ್ಕೆ ಇಳಿಯಬಹುದು. ಬಾಟಲಿ ಸಮೇತ ನೇರ ಆಸ್ಪತ್ರೆಗೆ ಹೋಗಿ. ಹಸಿ ಸಿಮೆಂಟು ಕೂಡ ಚರ್ಮ ಸುಡುವ ಕ್ಷಾರ, ತಾಗಿದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಬೇಕು.

ಪ್ರವಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಈ ಗುಂಪಿನಲ್ಲಿ ನನಗಿಂತ ಹೆಚ್ಚು ಸುತ್ತಿದವರಿದ್ದಾರೆ. ಈ ಸಲ ಊರೂರು ತಿರುಗುವ ಯೋಜನೆ ಬೇಡ, ಒಂದೇ ಕಡೆ ಉಳಿಯಿರಿ. ಮನೆಯೇ ಅಸ್ತವ್ಯಸ್ತವಾಗಿರುವಾಗ ದಿನಕ್ಕೊಂದು ಹಾಸಿಗೆ ಬದಲಾದರೆ ಮಕ್ಕಳು ನಿದ್ದೆಗೆಡುತ್ತಾರೆ. ಮಗ ಮಲಗುವ ಹೊದಿಕೆಯನ್ನು ಒಗೆಯದೆ ಹಾಗೆಯೇ ಒಯ್ಯಿರಿ, ಮನೆಯ ವಾಸನೆ ಅದರಲ್ಲಿರುತ್ತದೆ. ಕಾರಿನಲ್ಲಿ ಅವನ ಸೀಟು ಹಿಂದಕ್ಕೆ ಮುಖ ಮಾಡಿರಲಿ. ಎರಡು ವರ್ಷದೊಳಗಿನವರು ಪ್ರಯಾಣದಲ್ಲಿ ವಾಂತಿ ಮಾಡುವುದು ಅಪರೂಪ, ಮಗಳ ವಯಸ್ಸಿಗೆ ಅದು ಸಾಮಾನ್ಯ. ಅವಳ ಕೈಗೆ ಮೊಬೈಲ್, ಪುಸ್ತಕ ಕೊಡದೆ ದೂರದ್ದನ್ನು ತೋರಿಸುತ್ತ ಹೋಗಿ. ಉಳಿಯುವ ಕೋಣೆಗೆ ಕಾಲಿಟ್ಟ ಕೂಡಲೇ ಬಾಲ್ಕನಿಯ ಸರಳುಗಳ ನಡುವಿನ ಅಂತರ ನೋಡಿ, 10 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಆ ಬಾಗಿಲು ತೆಗೆಯಲೇಬೇಡಿ. ರಿಮೋಟಿನ ಹಿಂಬದಿಯ ಮುಚ್ಚಳ ಸಡಿಲವಿದ್ದು ಒಳಗೆ ಗುಂಡಿ ಬ್ಯಾಟರಿ ಇದ್ದರೆ ಎತ್ತಿಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲ ವಸ್ತು ಅದು.

ಬಣ್ಣ ಬಳಿಯುವಾಗ ಮಕ್ಕಳ ಕೋಣೆಯಿಂದಲೇ ಶುರು ಮಾಡಿಸಿ. ಅದು ಚಿಕ್ಕದೆಂದು ಕೊನೆಗೆ ಇಟ್ಟುಕೊಳ್ಳುವವರೇ ಹೆಚ್ಚು. ಮೊದಲು ಬಳಿದ ಕೋಣೆಗೆ ಗಾಳಿಯಾಡಲು ಹೆಚ್ಚು ದಿನ ಸಿಗುತ್ತದೆ, ವಾಸನೆ ಅಷ್ಟೂ ಇಳಿದಿರುತ್ತದೆ. ನೀರಿನಲ್ಲಿ ಕರಗುವ, ವಾಸನೆ ಕಡಿಮೆಯಿರುವ ಬಣ್ಣವನ್ನೇ ಆರಿಸಿ. ಮುಟ್ಟಿದರೆ ಅಂಟದಂತಾಗಲು ಕೆಲವು ಗಂಟೆ ಸಾಕು, ಪೂರ್ತಿ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಬೇಕು; ಅಲ್ಲಿಯವರೆಗೆ ತೊಟ್ಟಿಲು, ಮಂಚಗಳನ್ನು ಗೋಡೆಯಿಂದ ಒಂದಡಿ ದೂರವಿಡಿ. ಅಡುಗೆಮನೆಯ ಹೊಸ ಪ್ಲೈವುಡ್ ಕಪಾಟುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ, ಕಣ್ಣು ಗಂಟಲು ಉರಿಸುವ ಅನಿಲ ಹೊರಬರುತ್ತದೆ, ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಅದು ಹೆಚ್ಚು. ನೀವು ಹೊರಗಿರುವಾಗ ಅವುಗಳ ಬಾಗಿಲು, ಖಾನೆಗಳೆಲ್ಲ ತೆರೆದೇ ಇರಲಿ. ಮಕ್ಕಳಿಗಿಂತ ಒಂದು ದಿನ ಮುಂಚೆ ನಿಮ್ಮಲ್ಲೊಬ್ಬರು ಮರಳಿ ಕಿಟಕಿ ತೆರೆದು, ಫ್ಯಾನು, ನೆಲ ಒರೆಸಿ, ಪ್ರತಿ ನಲ್ಲಿಯ ಬಾಯಿಯ ಜಾಲರಿ ಬಿಚ್ಚಿ ಕೆಲವು ನಿಮಿಷ ನೀರು ಹರಿಸಿ. ಪೈಪಿನೊಳಗಿನ ಮರಳು, ಕಸ ಹೊರಬರುತ್ತದೆ.

ಮಗಳಿಗೆ ಮನೆ ಬದಲಾಗುವುದನ್ನು ಮೊದಲೇ ತೋರಿಸಿ. ಸಾಮಾನು ತೆಗೆದು ಖಾಲಿಯಾದ ಅವಳ ಕೋಣೆಯಲ್ಲಿ ಒಂದು ಸಂಜೆ ಅವಳನ್ನು ಬಿಡಿ, ಗೋಡೆಯ ತುಂಬ ಸೀಮೆಸುಣ್ಣದಲ್ಲಿ ಚಿತ್ರ ಬರೆಯಲಿ. ಮೇಣದ ಕ್ರೇಯಾನ್ ಮಾತ್ರ ಬೇಡ, ಅದರ ಮೇಲೆ ಹೊಸ ಬಣ್ಣ ಹಿಡಿಯುವುದಿಲ್ಲ. ಅವಳ ಹಳೆಯ ಪರದೆಯನ್ನೋ ರಾತ್ರಿ ದೀಪವನ್ನೋ ಎಸೆಯದೆ ಹೊಸ ಕೋಣೆಯಲ್ಲೂ ಅದೇ ಜಾಗದಲ್ಲಿ ಹಾಕಿ. ಹೊಸ ಬಣ್ಣ ನಮಗೆ ಸಂಭ್ರಮ, ನಾಲ್ಕು ವರ್ಷದವರಿಗೆ ಅದು ತಮ್ಮ ಕೋಣೆ ಕಾಣೆಯಾದಂತೆ ಅನಿಸಬಹುದು.

ಟಿಕೆಟ್ ಈಗಲೇ ತೆಗೆಯಬೇಡಿ. ಟೈಲ್ಸ್, ಪೈಪು, ನಲ್ಲಿಗಳು ಎಲ್ಲವೂ ಮನೆಗೆ ಬಂದು ಎಣಿಸಿ ನೋಡಿದ ಮೇಲೆ ಒಡೆಯುವ ದಿನ ಗೊತ್ತುಮಾಡಿ, ಆಮೇಲೆ ಮೊದಲ ಪ್ರಯಾಣದ ಟಿಕೆಟ್. ಬಣ್ಣದ ಸಮಯದ್ದು ಪ್ಲಾಸ್ಟರ್ ಒಣಗಿದೆ ಎಂದು ಖಾತ್ರಿಯಾದ ಮೇಲೆ, ದಿನಾಂಕ ಬದಲಿಸಲು ಅವಕಾಶವಿರುವಂಥದ್ದೇ ತೆಗೆಯಿರಿ. ಬಾತ್‌ರೂಮಿನ ಅಳತೆ, ಬಾಗಿಲು ಮತ್ತು ಕಿಟಕಿ ಎಲ್ಲಿವೆ, ಕೆಳಗೆ ಯಾರದಾದರೂ ಮನೆ ಇದೆಯೇ ಎನ್ನುವುದನ್ನು ಇಲ್ಲೇ ಬರೆಯಿರಿ. ಗಾಳಿ ಹೊರಕ್ಕೆ ಹೋಗುವ ಫ್ಯಾನನ್ನು ಯಾವ ಕಿಟಕಿಗೆ ಇಡಬೇಕು, ಮಕ್ಕಳು ಮಲಗಲು ಯಾವ ಕೋಣೆಯನ್ನು ಕೊನೆಯವರೆಗೆ ಮುಟ್ಟದೆ ಉಳಿಸಿಕೊಳ್ಳಬಹುದು ಎಂದು ನೋಡಿ ಹೇಳುತ್ತೇನೆ.